ಅತ್ತೆಯ ಮನೆಗಾಡಿಯೊಳಗೆ ಸಂಸಾರ ಹೂಡಿದ ಮಳೆರಾಯರಿಗೆ

ಇವರಿಗೆ:
ಶ್ರೀಮಾನ್ ಮಳೆರಾಯರು,
ಉತ್ತರ ಸಮುದ್ರ ವಲಯ, ಫ್ರೀಸ್‌ಲಾಂಡ್ ಶಾಖೆ,
ವಿಳಾಸ: ಸದಾ ನಮ್ಮ ತಲೆಯ ಮೇಲೆ.

ವಿಷಯ: 1971ರ ಮನೆಗಾಡಿಯೊಂದರ ಗೋಡೆ, ನೆಲ ಮತ್ತು ಕಪಾಟಿನಲ್ಲಿ ತಾವು ಯಾರನ್ನೂ ಕೇಳದೆ ವಾಸವಾಗಿರುವ ಬಗ್ಗೆ.

ಮಾನ್ಯರೇ,

ಕರೆದರೂ, ಕರೆಯದಿದ್ದರೂ, ಬೇಡವೆಂದು ಕೈಮುಗಿದರೂ ತಪ್ಪದೆ ಕರ್ತವ್ಯಕ್ಕೆ ಹಾಜರಾಗುವ ತಮ್ಮಂಥ ಹಿರಿಯ ಅಧಿಕಾರಿಗಳಿಗೆ ನನ್ನಂಥ ನಿವೃತ್ತ ನೌಕರನೊಬ್ಬ ದೂರು ಬರೆಯುವುದು ಅಧಿಕಪ್ರಸಂಗವೆಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾನೂ ನೀರಿನ ಇಲಾಖೆಯವನೇ. ಮೂವತ್ತೆರಡು ವರ್ಷ ಸಮುದ್ರದ ಏರಿಯ ಮೇಲೆ ಸೈಕಲ್ ತುಳಿದು, ಎಲ್ಲಿ ಜಿನುಗುತ್ತಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ಕುರಿಗಳು ತುಳಿದು ಮಣ್ಣು ಸಡಿಲವಾಗಿದೆ ಎಂದು ನೋಡಿ ಬರೆದುಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಆ ಮೂವತ್ತೆರಡು ವರ್ಷಗಳಲ್ಲಿ, ಸಮುದ್ರಕ್ಕಿಂತ ತಗ್ಗಿನಲ್ಲಿ ಮಲಗಿರುವ ನಮ್ಮ ಊರಿನೊಳಗೆ ಒಂದು ಚೊಂಬು ನೀರು ನನ್ನ ಕಣ್ಣು ತಪ್ಪಿಸಿ ಬರಲಿಲ್ಲ. ಅಂಥವನ ಸ್ವಂತ ಮನೆಗಾಡಿಯೊಳಗೆ ತಾವು ಬಂದು ಕಾಲು ಚಾಚಿ ಕೂತಿದ್ದೀರಿ. ತಮ್ಮ ಧೈರ್ಯಕ್ಕೆ ನನ್ನ ಮೊದಲ ವಂದನೆಗಳು.

ಸ್ವಂತ ಎಂದೆ, ತಿದ್ದಿಕೊಳ್ಳುತ್ತೇನೆ. ಗಾಡಿ ನನ್ನ ಹೆಂಡತಿ ನೀಂಕೆಯದು. ಅವಳಿಗೆ ಅವಳ ತಾಯಿ ಗ್ರೀಟ್ ಅವರಿಂದ ಬಳುವಳಿಯಾಗಿ ಬಂದದ್ದು. ಕಾರಿನ ಹಿಂದೆ ಕಟ್ಟಿ ಎಳೆದರೆ ಕೋಳಿಯ ಹಿಂದೆ ಮೊಟ್ಟೆಯೇ ಓಡಿಬರುತ್ತಿರುವಂತೆ ಕಾಣುವ, ಕೆನೆ ಬಣ್ಣದ, ಸೊಂಟಕ್ಕೊಂದು ಕಿತ್ತಳೆ ಪಟ್ಟಿ ಬಳಿದುಕೊಂಡ ಈ ಗಾಡಿಯಲ್ಲಿ ಎರಡು ಮಂಚ, ಒಂದು ಒಲೆ, ಒಂದು ಬಟ್ಟೆ ಕಪಾಟು ಇವೆ. ಅತ್ತೆ 1971ರಿಂದ ಒಂದು ಬೇಸಿಗೆಯನ್ನೂ ತಪ್ಪಿಸದೆ ಸರೋವರದ ಪಕ್ಕದ ಕ್ಯಾಂಪಿಂಗ್ ಮೈದಾನದ ಇಪ್ಪತ್ತೇಳನೆಯ ಜಾಗದಲ್ಲಿ ಇದನ್ನು ನಿಲ್ಲಿಸಿ ಕಳೆದವರು. ನೀಂಕೆ ಈಜುವುದು, ಇಸ್ಪೀಟು ಆಡುವುದು, ಮುಖ ಕೆಂಪಾಗದಂತೆ ಸುಳ್ಳು ಹೇಳುವುದು, ಮೂರನ್ನೂ ಕಲಿತದ್ದು ಅಲ್ಲೇ. ನಮ್ಮ ಮದುವೆಗೆ ಎರಡು ತಿಂಗಳಿರುವಾಗ ಅತ್ತೆ ತೀರಿಕೊಂಡರು. ಮನೆ ಮಾರಾಟವಾಯಿತು, ಪಿಂಗಾಣಿ ತಂಗಿಯ ಪಾಲಾಯಿತು, ನೀಂಕೆ ಬಾಯಿಬಿಟ್ಟು ಕೇಳಿ ಪಡೆದದ್ದು ಈ ಗಾಡಿಯೊಂದನ್ನೇ.

ಈ ಫೆಬ್ರವರಿಯಲ್ಲಿ, ಚಳಿಗಾಲಕ್ಕೆಂದು ಗಾಡಿಯನ್ನು ನಿಲ್ಲಿಸಿದ್ದ ಆಲೂಗಡ್ಡೆ ರೈತನ ಕೊಟ್ಟಿಗೆಗೆ ಹೋಗಿ ನಾವಿಬ್ಬರೂ ಬಾಗಿಲು ತೆರೆದಾಗ, ತಾವು ಒಳಗೆ ಮಾಡಿಕೊಂಡಿದ್ದ ಏರ್ಪಾಡುಗಳೆಲ್ಲ ಒಮ್ಮೆಲೇ ಎದುರಾದವು. ಒದ್ದೆ ನಾಯಿ, ಹಳೆಯ ಪುಸ್ತಕ, ಮರೆತುಹೋದ ಕೋಸು, ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿಟ್ಟ ವಾಸನೆ. ಮಂಚದ ಕಾಲಿನ ಬಳಿ ಮೂರು ಅಣಬೆ, ಸಾಲಾಗಿ, ಶಿಸ್ತಾಗಿ. ನೀಂಕೆ ಒಳಗೆ ಕಾಲಿಟ್ಟಳು. ಕಾಲು ಗಾಡಿಯ ನೆಲವನ್ನು ದಾಟಿ ಕೊಟ್ಟಿಗೆಯ ನೆಲವನ್ನೇ ಮುಟ್ಟಿತು. ನಾನು ಗೋಡೆಯ ಪ್ಲೈವುಡ್ಡಿಗೆ ಬೆರಳೊತ್ತಿದರೆ ಹಾಲಿನಲ್ಲಿ ನೆನೆದ ರಸ್ಕಿನೊಳಗೆ ಹೋದಂತೆ ಹೋಯಿತು. ಆಮೇಲೆ ನೀಂಕೆ ತೇವ ಅಳೆಯುವ ಸಣ್ಣ ಯಂತ್ರವೊಂದನ್ನು ತಂದಳು. ಅದರ ಎರಡು ಮುಳ್ಳುಗಳನ್ನು ಮರಕ್ಕೆ ತಾಗಿಸಿದರೆ ಒಣಗಿದ್ದ ಕಡೆ ಸುಮ್ಮನಿರುತ್ತದೆ, ಒದ್ದೆಯಿದ್ದ ಕಡೆ ಕಿರುಚುತ್ತದೆ. ನಮ್ಮ ಗಾಡಿಯೊಳಗೆ ಅದು ಉಸಿರು ತೆಗೆದುಕೊಳ್ಳಲು ಕೂಡ ನಿಲ್ಲಲಿಲ್ಲ.

ಸುದ್ದಿ ಕೇಳಿ, ಮೈದಾನದಲ್ಲಿ ನಮ್ಮ ಪಕ್ಕದ ಇಪ್ಪತ್ತೆಂಟನೆಯ ಜಾಗದ ಡೌವೆ ನೋಡಲು ಬಂದ. ಮೂಗಿಗೆ ಕರ್ಚೀಫು ಹಿಡಿದುಕೊಂಡೇ, 'ಏನಯ್ಯಾ ಹಾರ್ಮೆನ್, ಸಮುದ್ರಾನೇ ತಡೆದೋನು ನೀನು, ಇಷ್ಟು ಪುಟ್ಟ ಡಬ್ಬಿ ಒಣಗಿಸಿಟ್ಕೊಳ್ಳೋಕೆ ಆಗ್ಲಿಲ್ವಾ' ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೆ ಹೇಳುವುದು ನಮ್ಮ ನಾಡಿನ ಹೆಗ್ಗುಣವೆಂದು ಹೆಮ್ಮೆಪಡುತ್ತಿದ್ದವನು ನಾನು. ಅಂದಿನಿಂದ ಪಡುತ್ತಿಲ್ಲ.

ಈಗ ನನ್ನ ಸಂಕಟವನ್ನು ತಮ್ಮ ಗಮನಕ್ಕೆ ತರುತ್ತೇನೆ. ಜೂನ್ ಹದಿನೈದಕ್ಕೆ ನಮ್ಮ ತಾಮ್ರದ ಮದುವೆ. ಇಪ್ಪತ್ತೈದು ವರ್ಷ ತುಂಬುವವರೆಗೆ ಕಾಯುವ ತಾಳ್ಮೆಯಿಲ್ಲದ ನಮ್ಮ ಜನ ಅದರ ಅರ್ಧಕ್ಕೇ, ಅಂದರೆ ಹನ್ನೆರಡೂವರೆ ವರ್ಷಕ್ಕೇ, ಬಂಧುಬಳಗವನ್ನು ಕರೆದು ಕಾಫಿ ಕೊಟ್ಟುಬಿಡುವುದು ತಮಗೆ ತಿಳಿದೇ ಇದೆ. ಅಂಥ ಒಂದು ಸಮಾರಂಭಕ್ಕೂ ತಾವು ಗೈರುಹಾಜರಾದ ದಾಖಲೆಯಿಲ್ಲ. ನಮ್ಮದನ್ನು ಇಪ್ಪತ್ತೇಳನೆಯ ಜಾಗದಲ್ಲಿ, ಅಮ್ಮನ ಗಾಡಿಯ ಬಾಗಿಲಲ್ಲಿ ಮಾಡಬೇಕೆಂಬುದು ನೀಂಕೆಯ ಆಸೆ. ಮೂವತ್ತನಾಲ್ಕು ಮಂದಿಗೆ ಆಮಂತ್ರಣ ಜನವರಿಯಲ್ಲೇ ಹೋಗಿದೆ, ಅವರೆಲ್ಲ ತಂತಮ್ಮ ಡೈರಿಯಲ್ಲಿ ಬರೆದುಕೊಂಡಾಗಿದೆ, ಆದ್ದರಿಂದ ಇನ್ನು ಆ ದಿನವನ್ನು ಬದಲಾಯಿಸುವ ಅಧಿಕಾರ ಸಾವಿಗೂ ಇಲ್ಲ. ಕೊಟ್ಟಿಗೆಯಲ್ಲಿ ತೂತಿನಿಂದ ಕಾಲು ಹೊರತೆಗೆದುಕೊಂಡು ನೀಂಕೆ ಹೇಳಿದ್ದಿಷ್ಟು: 'ಜೂನ್ ಹದಿನೈದರೊಳಗೆ ಒಣಗಿ ಗಟ್ಟಿಯಾಗಿರ್ಬೇಕು, ಹಾರ್ಮೆನ್. ಇಲ್ಲ ಅಂದ್ರೆ ಗುಜರಿಗೆ. ಅಮ್ಮನ ಗಾಡಿ ಕೊಳೀತಾ ಇರೋದನ್ನ ನೋಡ್ಕೊಂಡು ಕೂತ್ಕೊಳ್ಳೋಕೆ ನನ್ನಿಂದ ಆಗಲ್ಲ.' ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಂದಿನಿಂದ ನಾವಿಬ್ಬರೂ ದಿನವೂ ಕೊಟ್ಟಿಗೆಯಲ್ಲಿದ್ದೇವೆ. ನಾನು ಬಿಚ್ಚುತ್ತೇನೆ, ಅವಳು ಬಿಚ್ಚಿದ ಒಂದೊಂದು ತಿರುಪನ್ನೂ ಜಾಮ್ ಬಾಟಲಿಗೆ ಹಾಕಿ, ಎಲ್ಲಿಂದ ಬಂದದ್ದೆಂದು ಚೀಟಿ ಅಂಟಿಸುತ್ತಾಳೆ. ನಾನು ಕೊಳೆತ ರೀಪು ಕೀಳುತ್ತೇನೆ, ಅವಳು ಅಳತೆ ತೆಗೆದು ಹೊಸದನ್ನು ಕೊಯ್ಯುತ್ತಾಳೆ, ನಾನು ಕೂರಿಸುತ್ತೇನೆ, ಅವಳು ಕಿತ್ತು ಮತ್ತೆ ಕೂರಿಸುತ್ತಾಳೆ. ಹತ್ತೂವರೆಗೆ ಕಾಫಿ, ನಮ್ಮ ನಾಡಿನ ಕಟ್ಟಳೆಯಂತೆ ಕಾಫಿಗೆ ಒಂದೇ ಒಂದು ಬಿಸ್ಕತ್ತು. ಒಂದು ತೆಗೆದ ಮೇಲೆ ಡಬ್ಬದ ಮುಚ್ಚಳ ಹಾಕುವ ಸದ್ದು ಕೇಳಿದರೆ ನಾನು ನನ್ನ ದೇಶದಲ್ಲೇ ಇದ್ದೇನೆಂಬ ಸಮಾಧಾನ. ಗಾಡಿಯೊಳಗೆ ಇಬ್ಬರು ನಿಲ್ಲುವಷ್ಟು ಜಾಗವಿದೆ, ಇಬ್ಬರ ಅಭಿಪ್ರಾಯ ನಿಲ್ಲುವಷ್ಟಿಲ್ಲ. ಒಂದು ಕಿಟಕಿಯ ರಬ್ಬರನ್ನು ಒಳಗಿನಿಂದ ಕೂರಿಸಬೇಕೋ ಹೊರಗಿನಿಂದಲೋ ಎಂಬ ಬಗ್ಗೆ ನಾವು ಮಂಗಳವಾರ ಆರಂಭಿಸಿದ ಮಾತು ಶುಕ್ರವಾರ ನನ್ನ ತಾಯಿಯ ಅಡುಗೆಯವರೆಗೆ ಹೋಗಿ ನಿಂತಿತು.

ನಾವು ಗಾಡಿಯನ್ನು ಅಲಕ್ಷ್ಯ ಮಾಡಿದೆವೆಂದು ತಾವು ವಾದಿಸಬಹುದು. ದಯವಿಟ್ಟು ಆ ಆಸೆ ಬಿಡಿ. ಮದುವೆಯಾದ ಮೊದಲ ವರ್ಷವೇ ನಾನು ಕಪಾಟಿನ ಒಳಗೋಡೆಗೆ ಮರದ ಗೆರೆಯಿರುವ ಅಂದವಾದ ಅಂಟುಕಾಗದ ಹಚ್ಚಿದೆ, ಹಳೆಯ ಕಲೆಗಳು ಕಾಣಬಾರದೆಂದು. ಪ್ರತಿ ವರ್ಷ ಮಾರ್ಚ್ ಕೊನೆಯ ಶನಿವಾರ, ಮೈದಾನ ತೆರೆಯುವ ಮೊದಲು ಎಲ್ಲರೂ ತಂತಮ್ಮ ಗಾಡಿಗಳನ್ನು ತೊಳೆಯುವ ದಿನ, ಬೇರೆಯವರು ಬಕೆಟ್ಟು ಬಟ್ಟೆ ಹಿಡಿದು ಒದ್ದಾಡುತ್ತಿದ್ದರೆ ನಾನು ಮಾತ್ರ, ನನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ ನೀಂಕೆಯೇ ಉಡುಗೊರೆ ಕೊಟ್ಟ ಪ್ರೆಷರ್ ವಾಷರ್ ಹಿಡಿದು, ನೆಲಕ್ಕೆ ಮಲಗಿ ಕೆಳಗಿನಿಂದ, ಒಂದೊಂದು ಸಂದಿಗೂ ಒಂದೊಂದು ಪಟ್ಟಿಯಡಿಗೂ ಗುರಿಯಿಟ್ಟು, ಕಾರಿನ ಬಣ್ಣವೇ ಎದ್ದುಹೋಗುವ ರಭಸದಲ್ಲಿ ನೀರು ಹೊಡೆದು, ಚಳಿಗಾಲದ ಪಾಚಿಯ ಕೊನೆಯ ಕಣವನ್ನೂ ಓಡಿಸಿದ್ದೇನೆ. ಇಷ್ಟು ಶ್ರದ್ಧೆಯಿಂದ ನೋಡಿಕೊಂಡ ಗಾಡಿಯನ್ನು ಹಾಳುಮಾಡಿದ್ದು ತಾವಲ್ಲದೆ ಇನ್ಯಾರು?

ನೀಂಕೆಗೆ ಮಾತ್ರ ಒಂದು ಸಂಶಯವಿದೆ, ಪ್ರಾಮಾಣಿಕನಾಗಿ ಅದನ್ನೂ ಇಲ್ಲಿ ದಾಖಲಿಸುತ್ತೇನೆ. ತೇವ ಕಿಟಕಿಗಳ ಮೇಲಂಚಿನಲ್ಲಿಲ್ಲ, ಕೆಳಂಚಿನಲ್ಲಿದೆ. ಛಾವಣಿಯ ಮೇಲಿಲ್ಲ, ಛಾವಣಿಯಂಚಿನ ಬೀಡಿಂಗ್ ಪಟ್ಟಿಯ ಅಡಿಯಲ್ಲಿದೆ. ಯಂತ್ರದ ಮುಳ್ಳು ಚುಚ್ಚುತ್ತಾ ಗಾಡಿಯನ್ನು ಎರಡು ಸುತ್ತು ಬಂದವಳು, 'ಮಳೆ ಕೆಳಗಿಂದ ಮೇಲಕ್ಕೆ ಸುರಿಯುತ್ತಾ, ಹಾರ್ಮೆನ್' ಎಂದು ಕೇಳಿದಳು. ನೀರು ಎಲ್ಲಿಂದ ಬರುತ್ತದೆಂದು ಮೂವತ್ತೆರಡು ವರ್ಷದ ಅನುಭವಸ್ಥನಿಗೆ ಹೇಳಿಕೊಡಬೇಡ, ಇದು ಗಾಳಿಯೊಂದಿಗೆ ಸೇರಿ ಮಾಡಿದ ಒಳಸಂಚು ಎಂದು ನಾನು ತಮ್ಮ ಮೇಲೇ ತಪ್ಪು ಹೊರಿಸಿ ಮಾತು ಮುಗಿಸಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ತಾವು ನೆಟ್ಟಗೆ, ಮೇಲಿನಿಂದ ಕೆಳಕ್ಕೆ ಮಾತ್ರ ಬೀಳಬೇಕು. ಗಾಳಿಯನ್ನು ಜೊತೆಗೆ ಕರೆತರಬಾರದು. ಬರುವುದಕ್ಕೆ ಮೂರು ವಾರ ಮುಂಚೆ ತಿಳಿಸಿ, ನಮಗೆ ಅನುಕೂಲವೇ ಎಂದು ಕೇಳಿ, ಇಲ್ಲವೆಂದರೆ ನೊಂದುಕೊಳ್ಳದೆ ಬೇರೆ ದಿನ ಹುಡುಕಬೇಕು. ನಮ್ಮ ಒಡಹುಟ್ಟಿದವರೇ ಹಾಗೆ ಮಾಡುತ್ತಾರೆ. ಅಣಬೆಗಳನ್ನು ತಾವೇ ಬಂದು ತೆಗೆದುಕೊಂಡು ಹೋಗಬೇಕು.

ಮೇಲಿನಷ್ಟನ್ನು, ಮಾನ್ಯರೇ, ನಾನು ಏಪ್ರಿಲ್ ಒಂದರಂದು ಬರೆದು, ಮೈದಾನದ ಪಾತ್ರೆ ತೊಳೆಯುವ ಕಟ್ಟೆಯ ಮೇಲಿನ ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಜನ ತಟ್ಟೆ ಒರೆಸುತ್ತಾ ಓದಿದರು, ನಕ್ಕರು, ತಮ್ಮನ್ನು ಒಟ್ಟಾಗಿ ಬೈದರು. ಇಲ್ಲಿಂದ ಮುಂದಿನದನ್ನು ಜೂನ್ ಹದಿನಾರರಂದು, ನೀಂಕೆಯ ಆಜ್ಞೆಯ ಮೇರೆಗೆ ಬರೆದು ಅದೇ ಕಾಗದದ ಕೆಳಗೆ ಅಂಟಿಸುತ್ತಿದ್ದೇನೆ. ಅವಳ ಮಾತಿನಲ್ಲೇ ಹೇಳುವುದಾದರೆ, 'ಬೈದಿದ್ದು ಎಲ್ಲರೆದುರಿಗೆ ತಾನೇ, ಒಪ್ಕೊಳ್ಳೋದೂ ಎಲ್ಲರೆದುರಿಗೇ ಆಗ್ಲಿ.'

ಏಪ್ರಿಲ್ ನಡುವೆ ಕಪಾಟು ಬಿಚ್ಚುವ ಸರದಿ ಬಂತು. ಮುಟ್ಟಿದ್ದೇ ತಡ, ತೇವಕ್ಕೆ ಅಂಟು ಬಿಟ್ಟಿದ್ದ ನನ್ನ ಅಂದದ ಕಾಗದ ಸಿಪ್ಪೆಯಂತೆ ಕಳಚಿ ಕಾಲ ಬಳಿ ಬಿತ್ತು. ಅದರ ಹಿಂದೆ, ನಾನು ಹಳೆಯ ಕಲೆ ಎಂದು ಸರಿಯಾಗಿ ನೋಡದೆ ಮುಚ್ಚಿಬಿಟ್ಟಿದ್ದದ್ದು, ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರಗಳ ಸಾಲುಗಳು. ಅತ್ತೆಯ ಕೈಬರಹ. ವರ್ಷಕ್ಕೊಂದು ಸಾಲು, ಬೇಸಿಗೆ ಮುಗಿಸಿ ಗಾಡಿಗೆ ಬೀಗ ಹಾಕುವ ದಿನ ಬರೆದದ್ದು. ತಮ್ಮದೇ ಹಾಜರಿ ಪುಸ್ತಕ, ಮಾನ್ಯರೇ.

ನೀಂಕೆ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. '1980: ಮಳೆ ಹದಿನೇಳು ದಿನ. ಒಳಗೆ ಹನಿಯಿಲ್ಲ.' '1985: ಮಳೆ ಇಪ್ಪತ್ತಮೂರು ದಿನ. ಗಂಡನ ಜೊತೆ ಮಾತು ಬಿಟ್ಟದ್ದು ನಾಲ್ಕು ದಿನ. ಒಳಗೆ ಹನಿಯಿಲ್ಲ.' '1993: ಬಿರುಗಾಳಿ, ಡೇರೆಗಳೆಲ್ಲ ಹಾರಿದವು, ಒಂಬತ್ತು ಮಂದಿ ನಮ್ಮಲ್ಲಿ ಮಲಗಿದರು. ಒಳಗೆ ಹನಿಯಿಲ್ಲ.' '1998: ಮಳೆ ಹತ್ತೊಂಬತ್ತು ದಿನ. ಒಳಗೆ ಹನಿಯಿಲ್ಲ. ಬಕೆಟ್ಟು, ಹಳೆಯ ಬನಿಯನ್ನು, ಕೈ: ಗಾಡಿ ತೊಳೆಯಲು ಇಷ್ಟೇ ಸಾಕು.' ಹೀಗೆ ಇಪ್ಪತ್ತೇಳು ಸಲ ಅವಳು 'ಒಳಗೆ ಹನಿಯಿಲ್ಲ' ಎಂದು ಓದಿದಳು, ಇಪ್ಪತ್ತೇಳು ಸಲವೂ ನಾನು ಕೇಳಿಸಿಕೊಂಡೆ. ಕೊನೆಯ ಸಾಲು 2006ರದು, ಅತ್ತೆ ನನ್ನನ್ನು ಮೊದಲ ಸಲ ಕಂಡ ಬೇಸಿಗೆಯದು: 'ಮಳೆ ಹದಿನಾಲ್ಕು ದಿನ. ಒಳಗೆ ಹನಿಯಿಲ್ಲ. ನೀಂಕೆಯ ಗೆಳೆಯ ಬಂದಿದ್ದ. ಒಳ್ಳೆಯವನು, ಕೆಲಸಗಾರ. ನೀರಿನ ಪೈಪು ಮಾತ್ರ ಕೈಗೆ ಕೊಡಬಾರದು.'

ಆ ಬೇಸಿಗೆ ನಾನು ಮೆಚ್ಚುಗೆ ಗಿಟ್ಟಿಸಲೆಂದು ಅವರ ಗಾಡಿಯ ಚಕ್ರಗಳಿಗೆ ಪೈಪು ಹಿಡಿದದ್ದು ನಿಜ. ಹತ್ತೇ ನಿಮಿಷ. ಅಷ್ಟರಲ್ಲಿ ಆ ಹೆಂಗಸು ನನ್ನನ್ನು ಪೂರ್ತಿ ಅಳೆದುಬಿಟ್ಟಿದ್ದರು. ತಾವು ಮೂವತ್ತಾರು ಬೇಸಿಗೆ ಪ್ರಯತ್ನಪಟ್ಟು ಒಳಗೆ ಬರಲಾಗದ ಗಾಡಿಯೊಳಕ್ಕೆ ನೀರನ್ನು ಕೈಹಿಡಿದು ಕರೆತಂದು, ಕೂರಿಸಿ, ಮೇಲೆ ಅಂಟುಕಾಗದ ಹಚ್ಚಿ ಉಪಚರಿಸಿದವನು ನಾನು. ನನಗೆ ನಾಚಿಕೆಯಾಯಿತು, ಮಾನ್ಯರೇ. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಆ ಪ್ರೆಷರ್ ವಾಷರನ್ನು ನನಗೆ ಕೊಟ್ಟವಳು ನೀನೇ ಅಲ್ಲವೇ ಎಂದು ಒಂದು ಮಾತು ಆಡಿ ನೋಡಿದೆ. 'ಚಾಕು ಕೊಟ್ಟೋಳು ನಾನೇ' ಎಂದಳು ನೀಂಕೆ, 'ಏನನ್ನ ಹೆಚ್ಚಬೇಕು ಅಂತ ನೋಡ್ಕೋಬೇಕಾಗಿದ್ದೋನು ನೀನು.' ಆಮೇಲೆ ಕಪಾಟಿನ ಹಲಗೆಯ ಮೇಲ್ಭಾಗಕ್ಕೆ ಬೆರಳು ತಂದಳು. ನೀರು ಛಾವಣಿಯಂಚಿನಿಂದ ಇಳಿದದ್ದರಿಂದ ಮೊದಲ ಒಂಬತ್ತು ಸಾಲುಗಳಿದ್ದ ಕಡೆ ಮರವೇ ಇರಲಿಲ್ಲ, ಕಪ್ಪು ಗಂಜಿಯಿತ್ತು. 1971ರಿಂದ 1979. ಅವಳ ಏಳನೆಯ ವಯಸ್ಸಿನಿಂದ ಹದಿನೈದರವರೆಗಿನ ಬೇಸಿಗೆಗಳು. ಅವಳು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, 'ಹೋಗ್ಲಿ ಬಿಡು, ಗುಜರಿಯವನಿಗೆ ಫೋನ್ ಮಾಡು' ಎಂದು ಹೇಳಿ ಮನೆಗೆ ಸೈಕಲ್ ಹತ್ತಿದಳು. ಹನ್ನೆರಡೂವರೆ ವರ್ಷದ ಹಿಂದೆ ತಾಯಿಯ ಅಂತ್ಯಕ್ರಿಯೆಯಲ್ಲಿ ಅಳದವಳು ಅಂದು ದಾರಿಯುದ್ದಕ್ಕೂ ಅತ್ತಳೆಂದು ಆಮೇಲೆ ಅವಳೇ ಹೇಳಿದಳು.

ನಾನು ಫೋನ್ ಮಾಡಲಿಲ್ಲ. ಗಂಜಿಯ ಕೆಳಗಿನ ಗಟ್ಟಿ ಭಾಗವನ್ನು, ಸಾಲುಗಳಿಗೆ ಗರಗಸ ತಾಗದಂತೆ, ಒಂದು ಮಧ್ಯಾಹ್ನವಿಡೀ ಕೊಯ್ದು ಬಿಡಿಸಿದೆ. ಹಳೆಯ ಪತ್ರಿಕೆಗಳ ನಡುವೆ ಮಲಗಿಸಿ, ಮೇಲೆ ಇಟ್ಟಿಗೆ ಹೇರಿ, ದಿನಕ್ಕೆರಡು ಸಲ ಕಾಗದ ಬದಲಿಸಿದೆ. ಏರಿಯ ಮೇಲೆ ಮೂವತ್ತೆರಡು ವರ್ಷದಲ್ಲಿ ಮಾಡದಷ್ಟು ಎಚ್ಚರದಿಂದ ಒಬ್ಬನೇ ಕಿಟಕಿಗಳನ್ನು ಕೂರಿಸಿದೆ, ಬೀಡಿಂಗ್ ಪಟ್ಟಿಗಳನ್ನು ಕಿತ್ತು ಹೊಸ ಅಂಟು ಹಾಕಿ ಬಿಗಿದೆ. ನಾಲ್ಕನೆಯ ದಿನ ಹತ್ತೂವರೆಗೆ ಕೊಟ್ಟಿಗೆಯ ಬಾಗಿಲಲ್ಲಿ ಸೈಕಲ್ ನಿಂತ ಸದ್ದಾಯಿತು. ನೀಂಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು, ಡಬ್ಬ ತೆರೆದು ಒಂದು ಬಿಸ್ಕತ್ತು ಕೊಟ್ಟಳು, ಮುಚ್ಚಳ ಹಾಕಿದಳು. ಇಟ್ಟಿಗೆ ಎತ್ತಿ, ಕಾಗದ ಸರಿಸಿ, ತಾಯಿಯ ಅಕ್ಷರಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಡಬ್ಬವನ್ನು ಮತ್ತೆ ತೆರೆದು ಎರಡನೆಯ ಬಿಸ್ಕತ್ತು ಕೊಟ್ಟಳು. ಹನ್ನೆರಡೂವರೆ ವರ್ಷದ ಸಂಸಾರದಲ್ಲಿ ಅದೇ ಮೊದಲ ಸಲ. ನಾನು ಅದನ್ನು ಕಾಫಿಯಲ್ಲಿ ಅದ್ದಲೂ ಮರೆತು ಹಾಗೇ ತಿಂದೆ.

ನಿನ್ನೆ ಜೂನ್ ಹದಿನೈದು. ತಾವು ಬೆಳಗ್ಗೆ ಎಂಟಕ್ಕೇ ಬಂದಿರಿ, ಗಾಳಿಯನ್ನೂ ಕರೆತಂದಿರಿ, ಸಂಜೆ ಏಳರವರೆಗೆ ಒಂದು ಕ್ಷಣ ಕೂರಲಿಲ್ಲ. ಮೂವತ್ತನಾಲ್ಕು ಮಂದಿ ಮಳೆಯಂಗಿ ತೊಟ್ಟುಕೊಂಡೇ ನಮಗೂ, ವಾಡಿಕೆಯಂತೆ ತಮ್ಮತಮ್ಮೊಳಗೂ ಅಭಿನಂದನೆ ಹೇಳಿಕೊಂಡು, ಗಾಡಿಯ ಮುಂದೆ ಕಟ್ಟಿದ ಬಟ್ಟೆಯ ಚಪ್ಪರದಡಿ ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂತು ಒದ್ದೆ ಕೇಕು ತಿಂದರು. ಡೌವೆ ಗಾಡಿಯ ಗೋಡೆಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ತೂತು ಸಿಗದೆ ಬೇಸರಪಟ್ಟ. ಜನ ಚದುರಿದ ಮೇಲೆ ನೀಂಕೆ ಯಂತ್ರ ಹಿಡಿದು ಒಳಗೆ ಹೋದಳು. ನೆಲ, ಗೋಡೆ, ಕಿಟಕಿಯ ಕೆಳಂಚು, ಮೂಲೆಗಳು, ಎಲ್ಲಾ ಕಡೆ ಮುಳ್ಳು ತಾಗಿಸಿದಳು. ನಾನು ಬಾಗಿಲಲ್ಲಿ ನಿಂತು, ಅಪ್ಪನಾಗುವವನು ಆಸ್ಪತ್ರೆಯಲ್ಲಿ ನಿಲ್ಲುವ ಹಾಗೆ ನಿಂತಿದ್ದೆ. ಯಂತ್ರ ಬಾಯಿ ಬಿಡಲಿಲ್ಲ.

ಕಪಾಟಿನೊಳಗೆ ಅತ್ತೆಯ ಹಲಗೆಯನ್ನು ಮತ್ತೆ ಕೂರಿಸಿದ್ದೇವೆ. ಮೇಲೆ ಒಂಬತ್ತು ಬೇಸಿಗೆಗಳ ಜಾಗದಲ್ಲಿ ಹೊಸ ಮರದ ಬರಿಯ ತುಂಡಿದೆ, ಅಲ್ಲಿ ಏನನ್ನೂ ಬರೆಯುವುದಿಲ್ಲವೆಂದು ನಿಶ್ಚಯಿಸಿದ್ದೇವೆ. ನೀಂಕೆ ಪೆನ್ಸಿಲು ತೆಗೆದುಕೊಂಡು, 2006ರ ಸಾಲಿನ ಕೆಳಗೆ, ತಾಯಿಯದೇ ಎನ್ನಿಸುವ ಸಣ್ಣ ಅಕ್ಷರಗಳಲ್ಲಿ ಬರೆದಳು: '2019: ಮಳೆ ಒಂದು ದಿನ, ಇಲ್ಲಿಯವರೆಗೆ. ಒಳಗೆ ಹನಿಯಿಲ್ಲ. ಹಾರ್ಮೆನ್‌ನನ್ನು ಇಟ್ಟುಕೊಂಡಿದ್ದೇನೆ. ಪೈಪು ಕೊಟ್ಟಿಲ್ಲ.'

ಈ ಎಲ್ಲ ಕಾರಣಗಳಿಂದ ತಮ್ಮ ಮೇಲಿನ ಆರೋಪಗಳನ್ನು ಹಿಂತೆಗೆದುಕೊಂಡಿದ್ದೇನೆ. ಹಾಗೆಂದು ತಾವು ಸಜ್ಜನರೆಂದು ನಾನು ಎಲ್ಲೂ ಬರೆದುಕೊಟ್ಟಿಲ್ಲ; ನಿನ್ನೆಯ ಕೇಕಿನ ವಿಚಾರ ನನಗಿನ್ನೂ ನೆನಪಿದೆ. ನಮ್ಮ ಮನೆಯಲ್ಲಿ ಗಾಡಿ ತೊಳೆಯುವವನ ಹುದ್ದೆ ಸದ್ಯ ಖಾಲಿಯಿದೆ. ಮಾರ್ಚ್ ಕೊನೆಯ ಶನಿವಾರ ತಾವು ಬಿಡುವಾಗಿದ್ದರೆ, ಮೇಲಿನಿಂದ, ನಿಧಾನವಾಗಿ, ಅತ್ತೆಯ ಕಾಲದಲ್ಲಿ ಬೀಳುತ್ತಿದ್ದ ರೀತಿಯಲ್ಲೇ ಬಿದ್ದು ತೊಳೆದುಕೊಡಬೇಕೆಂದು ಕೋರುತ್ತೇನೆ. ಒರೆಸುವುದಕ್ಕೆ ನಾನು ಹಳೆಯ ಬನಿಯನ್ನು ಹಿಡಿದು ಪಕ್ಕದಲ್ಲೇ ನಿಂತಿರುತ್ತೇನೆ.

ಇಂತಿ, ಇಷ್ಟೆಲ್ಲ ಆದ ಮೇಲೂ
ತಮ್ಮ ವಿಶ್ವಾಸಿ,
ಹಾರ್ಮೆನ್
ಇಪ್ಪತ್ತೇಳನೆಯ ಜಾಗ

ಮರೆತ ಮಾತು: ಆ ಪ್ರೆಷರ್ ವಾಷರನ್ನು ಡೌವೆ ನಿನ್ನೆ ತಾನಾಗಿಯೇ ಕೇಳಿದ, ಸಂತೋಷದಿಂದ ಕೊಟ್ಟುಬಿಟ್ಟೆ. ಅವನು ಕಾಗದದ ತಟ್ಟೆಯಲ್ಲಿ ಉಂಡು ಎಸೆಯುವವನು, ಪಾತ್ರೆ ತೊಳೆಯುವ ಕಟ್ಟೆಯ ಕಡೆ ಈವರೆಗೆ ಕಾಲಿಟ್ಟವನಲ್ಲ. ಆದ್ದರಿಂದ ಈ ಪತ್ರ ಅವನ ಕಣ್ಣಿಗೆ ಬೀಳುವ ಭಯವಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ಇಪ್ಪತ್ತೆಂಟನೆಯ ಜಾಗದಿಂದ ತಮ್ಮ ಮೇಲೊಂದು ದೂರು ಬಂದರೆ, ದಯವಿಟ್ಟು ನನ್ನನ್ನು ಸಾಕ್ಷಿಗೆ ಕರೆಯಬೇಡಿ.